ದೊರೆಯ ಹೊರಸು

ಡಾಲಸ್‌ನ ಕನ್ನಡ ಸಂಘದವರು ರಾಮನವಮಿಗೆ ನನ್ನನ್ನು ಭಾಷಣಕ್ಕೆ ಕರೆದದ್ದು ಒಂದು ತಪ್ಪು ತಿಳಿವಳಿಕೆಯಿಂದ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಆಸ್ಟಿನ್‌ನಲ್ಲಿ ಪುರಾತತ್ವ ಓದುತ್ತಿದ್ದೆ. ಟೆಕ್ಸಸ್‌ನ ಕನ್ನಡಿಗರ ಮನೆಗಳಲ್ಲಿ ಆಗ ಪುರಾತತ್ವವೆಂದರೆ ಒಂದು ಬಗೆಯ ಕಾಯಿಲೆ ಇದ್ದಂತೆ. ನಾನು ಓದುತ್ತಿರುವುದು ಕಂಪ್ಯೂಟರ್ ಅಲ್ಲ ಎಂದು ಗೊತ್ತಾದ ಕೂಡಲೇ ಆಂಟಿಯರು ಮರುಕದಿಂದ ಇನ್ನೊಂದು ಚಪಾತಿ ಬಡಿಸುತ್ತಿದ್ದರು. ಅಂಥದೇ ಒಂದು ಊಟದಲ್ಲಿ ಸಂಘದ ಅಂಕಲ್ ಒಬ್ಬರು ಯಾವುದರ ಮೇಲೆ ಸಂಶೋಧನೆ ಎಂದು ಕೇಳಿದರು. "ಕುಶ್ ರಾಜರ ಮೇಲೆ" ಎಂದೆ.

"ಲವ-ಕುಶ? ಅದಕ್ಕೂ ಇಲ್ಲಿ ಪಿಎಚ್‌ಡಿ ಕೊಡ್ತಾರಾ!" ಎಂದವರೇ ತಟ್ಟೆ ಬಿಟ್ಟು ಎದ್ದು ಹೆಂಡತಿಗೆ ಹೇಳಲು ಅಡುಗೆಮನೆಗೆ ಹೋದರು. ಅದು ಬೇರೆ ಕುಶ್, ಸುಡಾನ್ ದೇಶದಲ್ಲಿತ್ತು ಎಂದು ನಾನು ಹೇಳಿದ್ದು ಅವರ ಬೆನ್ನಿಗೆ.

ರಾಮನವಮಿಯ ದಿನ ಬಾಡಿಗೆ ಹಾಲ್‌ನಲ್ಲಿ ಥರ್ಮೋಕೋಲ್ ಲೋಟದ ಪಾನಕ, ಕೋಸಂಬರಿ, ಮಕ್ಕಳ ಭಜನೆ ಎಲ್ಲ ಆದ ಮೇಲೆ "ಶ್ರೀರಾಮನ ವಂಶದ ಬಗ್ಗೆ ಆಳವಾದ ಅಧ್ಯಯನ ಮಾಡುತ್ತಿರುವ" ನನ್ನನ್ನು ವೇದಿಕೆಗೆ ಕರೆದರು. ನನ್ನ ಹತ್ತಿರ ಇದ್ದದ್ದು ಕುಶ್ ದೊರೆಗಳ ಸ್ಲೈಡುಗಳೇ. ತೋರಿಸಿದೆ. ನೈಲ್ ನದಿಯ ಮೇಲುಗಡೆಯ ಮರಳುಗಾಡು, ಅಲ್ಲಿಂದ ಸೈನ್ಯ ಕಟ್ಟಿಕೊಂಡು ಇಳಿದು ಬಂದು ಇಡೀ ಈಜಿಪ್ಟನ್ನು ಗೆದ್ದ ಕಪ್ಪು ದೊರೆ, ಅವನು ತಿರುಗಿ ತನ್ನೂರಿಗೇ ಹೋಗಿ ತನ್ನ ಗೋರಿಯ ಮೇಲೆ ಕಟ್ಟಿಸಿಕೊಂಡ ಪಿರಮಿಡ್.  ಕೊನೆಗೆ ಒಬ್ಬ ಆಂಟಿ, "ಅಲ್ಲಮ್ಮ, ಕುಶ ಅಲ್ಲಿಗೆ ಯಾವಾಗ ಹೋದ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಎದ್ದು ನಿಂತು, ಅಯೋಧ್ಯೆಯಿಂದ ಹೊರಟವರು ಯಾವ ಯಾವ ದೇಶಕ್ಕೆ ಹೋದರೋ ಕಂಡವರು ಯಾರು ಎಂದು ನನ್ನನ್ನು ಕಾಪಾಡಿದರು. ಜೋರು ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಒಬ್ಬನೇ ಒಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹ್ಯೂಸ್ಟನ್‌ನಿಂದ ಗೆಳೆಯರ ಮನೆಗೆ ಬಂದಿದ್ದವನು, ತೈಲ ಕಂಪನಿಯೊಂದರಲ್ಲಿ ಪೈಪ್‌ಗಳ ಇಂಜಿನಿಯರ್. ಮರುವರ್ಷ ಅವನನ್ನೇ ಮದುವೆಯಾದೆ.

ಅವನು ಗದಗಿನ ಕಡೆಯವನು, ನಾನು ಮೈಸೂರಿನವಳು. ಎರಡೂ ಲಿಂಗಾಯತರ ಮನೆಗಳಾದ್ದರಿಂದ ಹಿರಿಯರು ತಕರಾರು ತೆಗೆಯಲಿಲ್ಲ. ತಕರಾರಿದ್ದದ್ದು ಕನ್ನಡದ್ದು. ನಾನು "ಕೂತಿದ್ದಾರೆ" ಎಂದರೆ ಅವನು "ಕುಂತಾರ" ಎಂದು ತಿದ್ದುತ್ತಿದ್ದ. ನಾನು ಅವನ "ಹೋಗೂಣು" ಕೇಳಿ ನಗುತ್ತಿದ್ದೆ. ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ ಮನೆ ಮಾಡಿದೆವು. ಎರಡು ಸಾವಿರದ ಆಚೆ ನನ್ನ ಮಾವನವರೂ ಬಂದು ಸೇರಿಕೊಂಡ ಮೇಲೆ ಬಹುಮತ ಗದಗಿಗೆ ಹೋಯಿತು.

ಮಾವನವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಅತ್ತೆ ತೀರಿಕೊಂಡಿದ್ದರು. ಮಗನ ಜೊತೆ ಇರಬೇಕು ಎಂದು ತಾವೇ ತೀರ್ಮಾನಿಸಿ, ತಾವೇ ಕಾಗದಪತ್ರ ಓಡಾಡಿ ಮಾಡಿಸಿಕೊಂಡು ಬಂದಿದ್ದರು. ಬೆಳಿಗ್ಗೆ ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆ ಟಿವಿಯಲ್ಲಿ ಹವಾಮಾನದ ಚಾನೆಲ್. ಮೊಣಕಾಲು ಹೋಗಿದ್ದರಿಂದ ಪೂಜೆಗೆ ಕೆಳಗೆ ಕೂರಲು ಆಗುತ್ತಿರಲಿಲ್ಲ. ಊಟದ ಮೇಜಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದರು. ಅದು ಅವರಿಗೆ ದೊಡ್ಡ ಸಂಕಟದ ವಿಷಯವಾಗಿತ್ತು. "ಕುರ್ಚಿ ಮ್ಯಾಲ ಕುಂತು ಪೂಜಾ ಮಾಡೂದಂದ್ರ ಮ್ಯಾನೇಜರಿಕಿ ಮಾಡಿದಂಗ ಆಗತೈತಿ" ಎನ್ನುತ್ತಿದ್ದರು.

ನಾನು ಆಗಲೂ ಆಸ್ಟಿನ್‌ಗೆ ಹೋಗಿ ಬಂದು ಪ್ರಬಂಧ ಬರೆಯುತ್ತಲೇ ಇದ್ದೆ. ಒಮ್ಮೆಯೂ ಸುಡಾನಿಗೆ ಹೋದವಳಲ್ಲ; ಬಹಳ ಹಿಂದೆ ಅಗೆದವರು ಬರೆದಿಟ್ಟ ನಕ್ಷೆಗಳನ್ನು ಮತ್ತೆ ಬರೆಯುವುದೇ ನನ್ನ ಕೆಲಸ. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ದೊರೆಯ ಗೋರಿಯ ಸೀಳುನಕ್ಷೆ ಹರಡಿಕೊಂಡಿದ್ದೆ. ನೆಲವನ್ನು ಮೇಲಿಂದ ಕೆಳಕ್ಕೆ ಕತ್ತಿಯಿಂದ ಸೀಳಿದರೆ ಒಳಗೆ ಹೇಗೆ ಕಾಣುತ್ತದೋ ಹಾಗೆ ಬರೆಯುವ ನಕ್ಷೆ ಅದು. ಮಾವನವರು ಕನ್ನಡಕ ಹಾಕಿಕೊಂಡು ಬಂದು ನಿಂತರು.

"ಇದು ಏನವಾ?"

ಹೇಳಿದೆ. ಪೂರ್ವದ ಕಡೆಯಿಂದ ಇಳಿಯುವ ಮೆಟ್ಟಿಲು, ಕೆಳಗೆ ಬಂಡೆಯಲ್ಲಿ ಕೊರೆದ ಕೋಣೆ, ಮೇಲೆ ಪಿರಮಿಡ್. ಕೋಣೆಯ ನಡುವೆ ಒಂದು ಕಲ್ಲಿನ ಜಗಲಿ. ಅದರ ನಾಲ್ಕು ಮೂಲೆಗಳನ್ನೂ ಕತ್ತರಿಸಿದ್ದಾರೆ. ಹಾಸಿಗೆಯ ಕಾಲುಗಳು ಆ ಕಚ್ಚಿನಲ್ಲಿ ಕೂರಲಿ ಎಂದು ಹಾಗೆ ಮಾಡಿದ್ದಾರೆ.

"ಇದು ಹಾಸಗಿ ಅಲ್ಲ, ಹೊರಸು" ಎಂದರು ಮಾವನವರು. ನಾಲ್ಕು ಕಾಲು, ನಡುವೆ ಹೆಣೆದ ಹಗ್ಗ. ನಾನು ಅಷ್ಟು ವರ್ಷ ಇಂಗ್ಲಿಷಿನಲ್ಲಿ ಬರಿದೇ ಬೆಡ್ ಬೆಡ್ ಎಂದು ಬರೆದುಕೊಂಡು ಬಂದಿದ್ದೆ. ಆ ಕಡೆಯ ಹಳೆಯ ಸಮಾಧಿಗಳಲ್ಲಿ ಸಿಕ್ಕ ಮಂಚಗಳ ಚಿತ್ರ ತೆಗೆದು ನೋಡಿದರೆ ಮಾವನವರ ಮಾತು ನಿಜ, ಅಪ್ಪಟ ಹೊರಸು.

"ಹಂಗಾರ ಅವರು ಸುಡತಿದ್ದಿಲ್ಲೇನು?"

"ಇಲ್ಲ ಮಾವ, ಹೂಳ್ತಿದ್ರು. ಈಜಿಪ್ಟಿನವರು ಪೆಟ್ಟಿಗೆಯೊಳಗೆ ಇಡೋರು. ಇವನ ಜನ ಮೊದಲಿಂದ ಮಂಚದ ಮೇಲೆ ಮಲಗಿಸೋರು. ಇವನು ಪಿರಮಿಡ್ ಮಾತ್ರ ಈಜಿಪ್ಟಿನಿಂದ ತಗೊಂಡ, ಅದೂ ಅವರು ತಮ್ಮ ರಾಜರಿಗೆ ಕಟ್ಟೋದು ಬಿಟ್ಟು ಎಷ್ಟೋ ಶತಮಾನ ಆದಮೇಲೆ."

ಮಾವನವರು ಕುರ್ಚಿ ಎಳೆದುಕೊಂಡರು. "ಶಾಣ್ಯಾ ಅದಾನ. ಮ್ಯಾಲಿನ ಗುಡಿ ಮಂದೀದು, ಒಳಗಿನ ಹೊರಸು ತನ್ನದು."

ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ಇದನ್ನೇ ಹೇಳಲು ಹೆಣಗುತ್ತಿತ್ತು. ಅಂದಿನಿಂದ ದೊರೆ ನಮ್ಮ ಮನೆಯ ಮನುಷ್ಯನಾದ. ಅವನು ಗೆದ್ದ ಒಂದು ಊರಿನ ಲಾಯದಲ್ಲಿ ಕುದುರೆಗಳು ಹಸಿದು ನಿಂತಿದ್ದನ್ನು ಕಂಡು ಸಿಟ್ಟಾದನೆಂದೂ, ಆ ಸಿಟ್ಟನ್ನು ಕಲ್ಲಿನ ಮೇಲೆ ಕೆತ್ತಿಸಿದನೆಂದೂ ಹೇಳಿದಾಗ ಮಾವನವರಿಗೆ ಬಹಳ ಹಿಡಿಸಿತು. ಅವನ ಕುದುರೆಗಳನ್ನು ಗೋರಿಯ ಹತ್ತಿರವೇ ಬೇರೆ ಬೇರೆ ಗುಂಡಿಗಳಲ್ಲಿ ಮಣಿ, ಆಭರಣ ತೊಡಿಸಿ ನಿಂತ ಭಂಗಿಯಲ್ಲೇ ಹೂತಿದ್ದಾರೆ ಎಂದೆ.  ಸಂಜೆ ಮಗ ಕೆಲಸದಿಂದ ಬಂದು ಶೂ ಬಿಚ್ಚುತ್ತಿರುವಾಗ ಮಾತು ತೆಗೆದರು.

"ತಮ್ಮಾ, ಕುದರಿ ನಿಂತು ಹೋಗ್ಯಾವು. ರಾಜಾ ಮಲಗಿ ಹೋಗ್ಯಾನ. ನಾ ಕುಂತು ಹೋಗಾಂವ. ಇದರಾಗ ಏನರ ತಪ್ಪೈತೇನು?"

ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ತುಂಬಿ ಹೂಳುತ್ತಾರೆ. ಅತ್ತೆಯನ್ನೂ ಹಾಗೇ ಮಾಡಿದ್ದರು. ಮಾವನವರ ಹೃದಯ ಅಷ್ಟೇನೂ ಚೆನ್ನಾಗಿಲ್ಲ ಎಂದು ಡಾಕ್ಟರು ಹಿಂದಿನ ತಿಂಗಳಷ್ಟೇ ಹೇಳಿದ್ದರು. ಅವರಿಗೆ ಸಾವಿನ ಭಯವಿರಲಿಲ್ಲ. ಇಲ್ಲಿ ನಮ್ಮ ಕಡೆಯವರನ್ನೆಲ್ಲ ಮಾಡುವ ಹಾಗೆ ತಮ್ಮನ್ನೂ ಗ್ಯಾಸಿನ ಒಲೆಗೆ ತಳ್ಳಿಬಿಡುತ್ತಾರೆ ಎಂಬ ಭಯವಿತ್ತು.

ನನ್ನ ಗಂಡ, "ಅಪ್ಪಾ, ಇಲ್ಲಿ ಅದೆಲ್ಲಾ ಆಗಂಗಿಲ್ಲ. ನಮ್ಮ ಮಂದಿ ಎಲ್ಲಾರೂ ಸುಡೂದ. ಬೇಕಾರ ಬೂದಿ ಊರಿಗೆ ಒಯ್ತೀನಿ" ಎಂದ.

"ಬೂದಿ ತಗೊಂಡು ಏನ ಮಾಡ್ತೀ? ನಾ ಏನ ಕಟಗಿ ಏನು ಸುಡಾಕ?"

"ಈಗ್ಯಾಕ ಆ ಮಾತು? ಕೂಸು ಹುಟ್ಟೂದಕ್ಕಿಂತ ಮೊದಲ ಕುಲಾಯಿ ಹೊಲಿದಂಗ!"

"ಇದು ಬಂದಾ ಬರೂ ಕೂಸಪ್ಪಾ" ಎಂದು ಮಾವನವರು ಎದ್ದುಹೋದರು. ಅಪ್ಪ-ಮಗ ಎರಡು ವಾರ ನನ್ನ ಮೂಲಕವೇ ಮಾತಾಡಿದರು. ನನ್ನ ಗಂಡ ಕಲ್ಲೆದೆಯವನಲ್ಲ. ಅಪ್ಪ ಸಾಯುವುದನ್ನು ಒಂದು ಕೆಲಸವೆಂದು ಯೋಚಿಸಲು ಅವನಿಗೆ ಆಗುತ್ತಿರಲಿಲ್ಲ. ನನಗೆ ಆಗುತ್ತಿತ್ತು; ನಾನು ಹೊಟ್ಟೆ ಹೊರೆಯುತ್ತಿದ್ದದ್ದೇ ಸತ್ತವರಿಂದ.

ಹಾಗಾಗಿ ನಾನೇ ಹ್ಯೂಸ್ಟನ್‌ನ ಒಂದು ಶವಸಂಸ್ಕಾರದ ಸಂಸ್ಥೆಗೆ ಹೋದೆ. ಟೈ ಕಟ್ಟಿದ ಸೌಮ್ಯ ಮನುಷ್ಯ ಕಾಫಿ ಕೊಟ್ಟು ಕೂರಿಸಿದ. ನಮಗೆ ಬೇಕಾಗಿರುವುದು ಕೂತು ಮಾಡುವ ಸಂಸ್ಕಾರ ಎಂದೆ.

"ಖಂಡಿತ. ಎಷ್ಟು ಜನ ಕೂರುವವರು?"

"ಒಬ್ಬರೇ."

"ಒಬ್ಬರೇ? ಉಳಿದವರೆಲ್ಲ ನಿಂತಿರುತ್ತಾರೆಯೇ?"

"ಹೌದು. ಕೂರುವುದು ತೀರಿಕೊಂಡವರು."

ಅವನು ಪೆನ್ನು ಕೆಳಗಿಟ್ಟ. ನಗಲಿಲ್ಲ, ಅದಕ್ಕೆ ಇಂದಿಗೂ ಅವನ ಬಗ್ಗೆ ಗೌರವವಿದೆ. ತನ್ನ ಹತ್ತಿರ ಇರುವ ಪೆಟ್ಟಿಗೆಗಳೆಲ್ಲ ಮಲಗುವಂಥವೇ, ನಗರದ ಸ್ಮಶಾನಗಳ ಗುಂಡಿಗಳೂ ಅದೇ ಅಳತೆಯವು ಎಂದ. ಆದರೆ ಜಾಗವನ್ನು ನೀವು ಹುಡುಕಿಕೊಂಡರೆ ದೇಹವನ್ನು ಸಿದ್ಧಮಾಡಿ ತಂದುಕೊಡುವ ಹೊಣೆ ನನ್ನದು ಎಂದು ಕಾರಿನವರೆಗೂ ಬಂದು ಕಳಿಸಿದ.

ಕೇಟಿಯ ಪಶ್ಚಿಮಕ್ಕೆ ಆಗ ಇನ್ನೂ ಭತ್ತದ ಗದ್ದೆಗಳಿದ್ದವು. ಅವುಗಳ ನಡುವೆ ಒಂದು ಹಳೆಯ ಸಣ್ಣ ಸ್ಮಶಾನ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಭತ್ತ ಬೆಳೆಯುವ ಮನೆತನದ ಒಬ್ಬ ಮುದುಕಿ. ಮಾವನವರನ್ನೂ ಕರೆದುಕೊಂಡು ಹೋದೆ. ಆಕೆ ಪಿಕಪ್ ಟ್ರಕ್‌ನಿಂದ ಇಳಿದು ನಮ್ಮ ವಿಷಯವನ್ನೆಲ್ಲ ಕೇಳಿಸಿಕೊಂಡಳು. ಬಾಯಲ್ಲಿ ಹೇಳಿದರೆ ಸಾಲದೆಂದು ನಾನು ಒಯ್ದಿದ್ದ ನಕ್ಷೆಗಳಲ್ಲಿ ಮೊದಲು ಅವಳ ಕೈಗೆ ಸಿಕ್ಕಿದ್ದು ಕುದುರೆಗಳದು.

"ಕುದುರೆಯನ್ನು ನಿಲ್ಲಿಸಿ ಹೇಗೆ ಹೂತರು? ನಮ್ಮದು ಸತ್ತಾಗ ಮಲಗಿಸಿ ಹೂಳುವುದಕ್ಕೇ ಒಂದು ದಿನ ಹಿಡಿಯಿತು" ಎಂದಳು.

ಸುಳ್ಳು ಹೇಳಲಿಲ್ಲ. ಬಹುಶಃ ಜೀವಂತ ಕುದುರೆಗಳನ್ನು ಗುಂಡಿಗೆ ನಡೆಸಿಕೊಂಡು ಬಂದು ಅಲ್ಲೇ ಕೊಂದಿರಬೇಕು ಎಂದೆ. ಮುದುಕಿ ನಕ್ಷೆಯನ್ನು ಮಡಚಿ ವಾಪಸು ಕೊಟ್ಟಳು. "ಹಾಗಾದರೆ ಈ ರಾಜ ನನಗೆ ಬೇಡ."

ಏನಂದಳು ಎಂದು ಮಾವನವರು ಕೇಳಿದರು. ಹೇಳಿದೆ. ಕುದುರೆಗಳು ಹೇಗೆ ಸತ್ತವೆಂದು ಅವರಿಗೆ ನಾನು ಅಲ್ಲಿಯವರೆಗೆ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.  "ಹಸದಾವು ಅಂತ ಸಿಟ್ಟಿಗೆದ್ದಾಂವ, ತಾ ಸತ್ತ ಕೂಡ್ಲೆ ಅವನ್ನೂ ಒಯ್ದನಲ್ಲ. ಮುದುಕಿ ಖರೇನ ಅಂತಾಳ" ಎಂದರು. ಆಮೇಲೆ ಕಷ್ಟಪಟ್ಟು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ತಿಕ್ಕಿದರು. ಅವರ ಮುಖ ಅರಳಿತು. "ಎರಿ ಮಣ್ಣ ಐತೆಲ್ಲೇ! ಇಂಥಾದರಾಗ ಜ್ವಾಳಾ ಹಾಕೂದು ಬಿಟ್ಟು ಭತ್ತಾ ಹಾಕ್ಯಾರಲ್ಲ!" ಇದನ್ನೂ ಅನುವಾದಿಸಿದೆ. ಮುದುಕಿಗೆ ಇದು ಹಿಡಿಸಿತು. ತನ್ನ ಅತ್ತೆಯೂ ಇದನ್ನೇ ಹೇಳುತ್ತಿದ್ದಳಂತೆ.

ಆಕೆಯ ನಿಯಮ ಒಂದೇ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ, ಆದ್ದರಿಂದ ಒಳಗೆ ಸುತ್ತಲೂ ಕಾಂಕ್ರೀಟ್ ಇರಬೇಕು, ಮೇಲೆ ಕಾಂಕ್ರೀಟ್ ಮುಚ್ಚಳ ಇರಬೇಕು. ಒಳಗಿರುವವರು ಹೇಗಿರುತ್ತಾರೆ ಎನ್ನುವುದು ಅವರವರ ಮನೆಯ ವಿಷಯ.

ಮಣ್ಣಿಗೇ ಸೇರಬೇಕೆನ್ನುವ ಮಾವನವರು ಕಾಂಕ್ರೀಟ್ ಎಂದರೆ ಒಪ್ಪಲಾರರು ಎಂದುಕೊಂಡಿದ್ದೆ. ದಾರಿಯಲ್ಲಿ ಅವರೇ, "ಇರಲಿ ಬಿಡವಾ. ಮ್ಯಾಲಿಂದು ಅವರ ಕಾಯ್ದೆ, ಒಳಗಿಂದು ನಮ್ಮ ಹೊರಸು" ಎಂದರು.

ಆ ವಾರ ನಾನು ಮಾವನವರ ಸಮಾಧಿಯ ಸೀಳುನಕ್ಷೆ ಬರೆದೆ. ದೊರೆಯ ಗೋರಿಗೆ ಬಳಸಿದ ಅದೇ ಪೆನ್ನು, ಅದೇ ಬಗೆಯ ಗೆರೆಗಳು. ಅಳತೆ ಬೇಕಿತ್ತು. ಮಾವನವರು ಗೋಡೆಗೆ ಒರಗಿ ಕಾರ್ಪೆಟ್ಟಿನ ಮೇಲೆ ಕೂರಲು ಹೋದರು. ಒಂದು ಕಾಲು ಮಡಿಚಿತು, ಇನ್ನೊಂದು ಎಷ್ಟು ಮಾಡಿದರೂ ಮಡಿಚಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ಬಂತು. ಬೇಡ ಮಾವ, ಅಂದಾಜಿನಲ್ಲಿ ಬರೀತೀನಿ ಎಂದೆ. "ಅಂದಾಜ ಬ್ಯಾಡ. ತಲಿ ತನಕ ಅಳತಿ ತಗೊ. ಸತ್ತ ಮ್ಯಾಲ ಮಣಕಾಲ ನೋಯಂಗಿಲ್ಲ, ತಾನ ಮಡಚತೈತಿ" ಎಂದು ಆ ಕಾಲನ್ನು ಚಾಚಿಕೊಂಡೇ ನಕ್ಕರು. ಟೇಪು ಹಿಡಿದು ತಲೆಯ ತನಕ ಅಳೆದೆ. ಅಲ್ಲಿಯವರೆಗೆ ನಾನು ಅಳತೆ ತೆಗೆದವರಲ್ಲಿ ಯಾರೂ ನನ್ನ ಜೊತೆ ಮಾತಾಡಿರಲಿಲ್ಲ.

ನಕ್ಷೆಯನ್ನು ಮೇಜಿನ ಮೇಲೆ ಬಿಟ್ಟಿದ್ದೆ. ಕೆಲಸದಿಂದ ಬಂದ ನನ್ನ ಗಂಡ ಲೋಟದಲ್ಲಿ ನೀರು ಹಿಡಿದುಕೊಂಡು ಅದರ ಮುಂದೆ ನಿಂತ. ಇನ್ನು ಜಗಳ ಎಂದುಕೊಂಡೆ. ಬಹಳ ಹೊತ್ತು ನೋಡಿ, "ನೀರ ಎಲ್ಲಿ ಹೋಗತೈತಿ?" ಎಂದ.

"ಯಾವ ನೀರು?"

"ಮಳಿ ನೀರು. ನೀ ಬರದಿದ್ದರಾಗ ತಳದಾಗ ನಿಲ್ಲತೈತಿ. ಅಪ್ಪ ನೀರಾಗ ಕುಂದರಬೇಕೇನು?" ಎಂದು ಪೆನ್ಸಿಲ್ ತೆಗೆದುಕೊಂಡು ಕೂತ. ನನ್ನ ಚೌಕಾಕಾರದ ಗೋಡೆಗಳನ್ನು ಅಳಿಸಿ ದುಂಡಗೆ ಮಾಡಿದ. ಒಳಚರಂಡಿಯ ಮ್ಯಾನ್‌ಹೋಲ್‌ಗೆ ಇಳಿಸುತ್ತಾರಲ್ಲ, ಆ ಕಾಂಕ್ರೀಟ್ ಉಂಗುರ. ಅದನ್ನು ಹೊಸದಾಗಿ ತರಿಸಿದರೆ ಮುದುಕಿಯ ನಿಯಮವೂ ನಡೆಯುತ್ತದೆ, ಕೂರುವವರಿಗೆ ಜಾಗವೂ ಸರಿಯಾಗುತ್ತದೆ ಎಂದ. ತಳಕ್ಕೆ ಜಲ್ಲಿ ಹಾಕಿದ. ಒಳಗೆ ಒಂದು ಜಗಲಿ ಬರೆದು, ಬೆನ್ನಿಗೆ ಆನಿಕೆ ಬರೆದ. ಮಾವನವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬೆನ್ನಿಗೆ ಇನ್ನಾ ಸ್ವಲ್ಪ ವಾರಿ ಮಾಡೋ" ಎಂದರು. ಅವನು ತಲೆ ಎತ್ತದೆ ಆನಿಕೆಯನ್ನು ಇನ್ನಷ್ಟು ಓರೆ ಮಾಡಿದ. ಅಪ್ಪ-ಮಗ ಮತ್ತೆ ಮಾತಾಡತೊಡಗಿದ್ದು ಹಾಗೆ.

ಅದಾಗಿ ಒಂದೂವರೆ ವರ್ಷ ಮಾವನವರು ಬದುಕಿದರು. ನನ್ನ ಪ್ರಬಂಧ ಮುಗಿಯಿತು. ಡಾಲಸ್‌ನ ಸಂಘ ಮತ್ತೊಮ್ಮೆ ಕರೆದಾಗ ಮಾವನವರನ್ನೂ ಕರೆದುಕೊಂಡು ಹೋಗಿದ್ದೆವು. ಅಂಕಲ್ ಬಂದು, "ನಿಮ್ಮ ಸೊಸೆ ಶ್ರೀರಾಮನ ಮಗನ ಮೇಲೆ ಪಿಎಚ್‌ಡಿ ಮಾಡಿದ್ದಾಳೆ, ದೊಡ್ಡ ವಿಷಯ" ಎಂದರು. ಮಾವನವರು ಗಂಭೀರವಾಗಿ, "ಹೌದರಿ. ಆದ್ರ ಆ ಕುಶ ನಮ್ಮ ಪೈಕಿ ಅದಾನರಿ. ಸುಡಲಿಲ್ಲ ಅವನ್ನ" ಎಂದರು. ಅಂಕಲ್‌ಗೆ ಅರ್ಥವಾಗಲಿಲ್ಲ. ಮನೆ ಮುಟ್ಟುವ ತನಕ ನಾವು ಮೂವರೂ ಅದನ್ನೇ ಹೇಳಿಕೊಂಡು ನಕ್ಕೆವು.

ಮಾವನವರು ಹೋದದ್ದು ಆಸ್ಪತ್ರೆಯಲ್ಲಿ, ಮಲಗಿಕೊಂಡು. ಊರಿನಲ್ಲಾದರೆ ಜೀವ ಹೋದ ಕೂಡಲೇ ಕೂರಿಸಿ ಗೋಡೆಗೆ ಆನಿಸುತ್ತಾರೆ. ಇಲ್ಲಿ ನಮ್ಮ ಕೈಗೆ ಕೊಡುವ ಹೊತ್ತಿಗೆ ದೇಹ ಮಲಗಿದಂತೆಯೇ ಸೆಟೆದುಕೊಂಡಿತ್ತು. ನನ್ನ ಗಂಡ ಬಿಳಿಚಿಕೊಂಡ. ಎಲ್ಲ ನಕ್ಷೆ ಬರೆದೆವು, ಇದನ್ನು ಯೋಚಿಸಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡ. ಸೆಟೆತ ತಾನಾಗಿ ಬಿಡುತ್ತದೆ, ಕಾಯಬೇಕು ಎಂದು ನನಗೆ ಗೊತ್ತಿತ್ತು. ಹೇಳಿದೆ, ನನ್ನ ಪುಸ್ತಕದ ಮಾತನ್ನು ಅವನು ನಂಬಲಿಲ್ಲ. ಟೈ ಕಟ್ಟಿದ ಮನುಷ್ಯ ಫೋನಿನಲ್ಲಿ ಅದನ್ನೇ ಹೇಳಿದಾಗ ನಂಬಿದ. ಕೂತು ಹೋಗುವ ಹಿರಿಯರು ಎಂದು ಆ ಟೈ ಮನುಷ್ಯನಿಗೆ ಇನ್ನೂ ನೆನಪಿತ್ತು. ಎರಡು ದಿನ ಕಾದೆವು. ಆ ಎರಡು ದಿನ ನನ್ನ ಗಂಡ ಸರಿಯಾಗಿ ಉಣ್ಣಲಿಲ್ಲ.

ಮಾವನವರ ಕಪಾಟಿನಲ್ಲಿ ಊರಿಂದ ತಂದ ವಿಭೂತಿಯ ದೊಡ್ಡ ಡಬ್ಬಿಗಳಿದ್ದವು. ದಿನಬಳಕೆಗೆಂದು ನಾನು ತಿಳಿದಿದ್ದೆ. ತೆಗೆದು ನೋಡಿದರೆ ಮುಟ್ಟೇ ಇರಲಿಲ್ಲ. ಬರುವಾಗಲೇ ಇದಕ್ಕೆಂದು ತಂದಿದ್ದರು. ಆ ಡಬ್ಬಿಗಳ ಮುಂದೆ ನೆಲದ ಮೇಲೆ ಕೂತು ನಾನು ಅತ್ತುಬಿಟ್ಟೆ.

ಸ್ಮಶಾನದಲ್ಲಿ ಕೆಲವೇ ಜನ. ಬಿಲ್ವಪತ್ರೆ ಸಿಗಲಿಲ್ಲ. ನನ್ನ ಗಂಡ ಉಂಗುರದೊಳಕ್ಕೆ ಇಳಿದು, ತಾನೇ ಬರೆದ ಜಗಲಿಯ ಹತ್ತಿರ ನಿಂತು, ಮೇಲಿಂದ ಇಳಿಸಿದ ಅಪ್ಪನನ್ನು ಎದೆಗೆ ಆನಿಸಿಕೊಂಡು ಕೂರಿಸಿದ. ಒಂದು ಕಾಲು ಮಡಿಚಿದ. ಇನ್ನೊಂದನ್ನು, ಆ ಕೆಟ್ಟ ಕಾಲನ್ನು, ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟ. ಆ ಕಾಲಿಗೆ ಅವನು ವರ್ಷಗಟ್ಟಲೆ ಎಣ್ಣೆ ತಿಕ್ಕಿದ್ದ. ಆಮೇಲೆ ಮೆಲ್ಲಗೆ ಮಡಿಚಿದ. ಒಳಗಿಂದ ಲಟಕ್ಕೆಂದು ಸದ್ದಾದದ್ದು ಮೇಲೆ ನಿಂತಿದ್ದ ನಮಗೂ ಕೇಳಿಸಿತು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಬೆರಳು ಮಡಿಚಿ, ವಿಭೂತಿ ಸುರಿದು ಮೇಲೆ ಬಂದ. ಮುಚ್ಚಳ ಇಳಿಸಿದರು. ಮುದುಕಿ ಟ್ರಕ್ಕಿನ ಪಕ್ಕ ಟೋಪಿ ತೆಗೆದು ನಿಂತಿದ್ದಳು.

ವಾಪಸು ಬರುವಾಗ ಕಾರು ನಾನು ಓಡಿಸಿದೆ. ಅವನು ತನ್ನ ಕೈಗಳನ್ನೇ ನೋಡಿಕೊಂಡು ಕೂತಿದ್ದ; ಉಗುರಿನ ಸಂದಿಯಲ್ಲಿ ಎರೆಮಣ್ಣು, ವಿಭೂತಿ. ಗದ್ದೆಗಳು ಮುಗಿದು ಹೆದ್ದಾರಿ ಕಂಡಿತು.

"ಅಪ್ಪಗ ಮಣಕಾಲ ನೋಯಲಿಲ್ಲಲ್ಲಾ?" ಎಂದ.

ನಾನು ಸತ್ತವರ ಬಗ್ಗೆ ಓದಿ ಡಾಕ್ಟರ್ ಅನ್ನಿಸಿಕೊಂಡವಳು.  "ಇಲ್ಲ, ನೋಯಲಿಲ್ಲ. ಚೆನ್ನಾಗಿ ಪದ್ಮಾಸನ ಹಾಕಿ ಕೂತಿದ್ದಾರೆ" ಎಂದೆ.

ಅವನು ಕಿಟಕಿಯ ಕಡೆ ತಿರುಗಿದ.

"ಕುಂತಾರ" ಎಂದು ತಿದ್ದಿದ.